ಹೋದ ಎಲೆಕ್ಟ್ರಾನ್ ವಾಪಸ್ ಬರಬಾರದು

ಯಾವುದಾದರೂ ಕಡು ಹಸಿರು ಎಲೆಯನ್ನು ಸ್ಪಿರಿಟ್ ಹಾಕಿ ಚೆನ್ನಾಗಿ ಅರೆಯಿರಿ. ಸೋಸಿ, ಆ ರಸವನ್ನು ಗಾಜಿನ ಸೀಸೆಗೆ ಹಾಕಿ. ಕತ್ತಲೆ ಕೋಣೆಯಲ್ಲಿ ಅದರ ಮೇಲೆ ನೇರಳಾತೀತ ಟಾರ್ಚ್ ಹಿಡಿಯಿರಿ. ಹಸಿರು ಮಾಯವಾಗಿ ರಸ ಕೆಂಪಗೆ ಹೊಳೆಯುತ್ತದೆ. ಮೊದಲ ಸಲ ನೋಡಿದವರು ಸೀಸೆಗೆ ಬೇರೇನೋ ಬೆರೆಸಿದ್ದಾರೆ ಅಂದುಕೊಳ್ಳುತ್ತಾರೆ. ಈಗ ಅದೇ ಟಾರ್ಚನ್ನು ಗಿಡದಲ್ಲೇ ಇರುವ ಎಲೆಯ ಮೇಲೆ ಹಿಡಿಯಿರಿ. ಕೆಂಪು ಇದೆಯೋ ಇಲ್ಲವೋ ಎನ್ನುವಷ್ಟು ಕಡಿಮೆ.

ಪತ್ರಹರಿತ್ತು ಎರಡು ಕಡೆಯೂ ಒಂದೇ. ಟಾರ್ಚೂ ಅದೇ. ವ್ಯತ್ಯಾಸ ಇರುವುದು ಬೆಳಕು ಬಿದ್ದ ಮೇಲೆ ಏನಾಗುತ್ತದೆ ಎಂಬುದರಲ್ಲಿ. ಬೆಳಕು ಹೀರಿದ ಪತ್ರಹರಿತ್ತಿನ ಒಂದು ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಏರುತ್ತದೆ. ಸೀಸೆಯಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ. ಕೆಲವೇ ನ್ಯಾನೋಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ) ಅಲ್ಲೇ ಇದ್ದು ಕೆಳಗೆ ಬೀಳುತ್ತದೆ. ಬೀಳುವಾಗ ಹೀರಿದ್ದರಲ್ಲಿ ನೂರಕ್ಕೆ ಮೂವತ್ತರಷ್ಟು ಕೆಂಪು ಬೆಳಕಾಗಿ ಹೊರಬರುತ್ತದೆ. ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ಕೊನೆಗೆ ಶಾಖ. ಜೀವಂತ ಎಲೆಯಲ್ಲಿ ಈ ಕೆಂಪು ಬೆಳಕು ನೂರಕ್ಕೆ ಒಂದೆರಡು ಮಾತ್ರ. ಯಾಕೆಂದರೆ ಅಲ್ಲಿ ಎಲೆಕ್ಟ್ರಾನ್ ಬೀಳುವ ಮೊದಲೇ ಅದನ್ನು ಕಸಿದುಕೊಳ್ಳಲು ಪಕ್ಕದಲ್ಲಿ ಯಾರೋ ಕಾದು ನಿಂತಿರುತ್ತಾರೆ.

ದ್ಯುತಿಸಂಶ್ಲೇಷಣೆ ಅಂದ ಕೂಡಲೇ ನಮಗೆ ಹೇಳಿಕೊಟ್ಟಿದ್ದು ‘ಪತ್ರಹರಿತ್ತು ಬೆಳಕನ್ನು ಹಿಡಿಯುತ್ತದೆ’ ಎಂದು. ಅದೇ ಏನೋ ದೊಡ್ಡ ಸಾಧನೆ ಎನ್ನುವ ಹಾಗೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ಬೆಳಕು ಹಿಡಿಯುವುದು ಯಾವ ಬಣ್ಣಕ್ಕೂ ಬರುತ್ತದೆ. ಬಟ್ಟೆಗೆ ಹಾಕುವ ಬಣ್ಣಕ್ಕೂ ಬರುತ್ತದೆ. ಕಷ್ಟ ಇರುವುದು ಹಿಡಿದದ್ದನ್ನು ಉಳಿಸಿಕೊಳ್ಳುವುದರಲ್ಲಿ. ಮೇಲೇರಿದ ಎಲೆಕ್ಟ್ರಾನಿಗೆ ವಾಪಸ್ ಬರುವುದೇ ಎಲ್ಲಕ್ಕಿಂತ ಸುಲಭದ ದಾರಿ. ಅದು ಬರದಂತೆ ತಡೆಯುವುದಕ್ಕೆ ಎಲೆ ಏನೆಲ್ಲ ಮಾಡಿದೆ ಅಂತ ನೋಡುತ್ತಾ ಹೋದರೆ, ಇಡೀ ವ್ಯವಸ್ಥೆ ಅದೊಂದೇ ಚಿಂತೆಯ ಸುತ್ತ ಕಟ್ಟಿದ್ದು ಅನ್ನಿಸುತ್ತದೆ.

ಮೊದಲು ಎಲೆಕ್ಟ್ರಾನ್ ಎಲ್ಲಿಂದ ಬರುತ್ತದೆ ಅಂತ ನೋಡೋಣ. ತುಂಬ ಕಾಲ ಜನ ನಂಬಿದ್ದು ಹೀಗೆ: ಗಿಡ ಇಂಗಾಲದ ಡೈಆಕ್ಸೈಡನ್ನು ಒಡೆಯುತ್ತದೆ, ಇಂಗಾಲ ಇಟ್ಟುಕೊಂಡು ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ತಪ್ಪು. ಕಾರ್ನೆಲಿಸ್ ವಾನ್ ನೀಲ್ ಎಂಬ ವಿಜ್ಞಾನಿ ಗಂಧಕದ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತಿದ್ದರು. ಅವು ಬೆಳಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಬಳಸಿ ಗಂಧಕ ಬಿಡುತ್ತವೆ. ಆಮ್ಲಜನಕ ಬಿಡುವುದೇ ಇಲ್ಲ. ಹೈಡ್ರೋಜನ್ ಸಲ್ಫೈಡಿನಿಂದ ಗಂಧಕ ಬರುವುದಾದರೆ, ಗಿಡದ ಆಮ್ಲಜನಕ ನೀರಿನಿಂದಲೇ ಬರಬೇಕು ಎಂದು 1930ರ ದಶಕದಲ್ಲಿ ಅವರು ವಾದಿಸಿದರು.

1937ರಲ್ಲಿ ಇಂಗ್ಲೆಂಡಿನ ರಾಬಿನ್ ಹಿಲ್ ಇನ್ನೊಂದು ದಾರಿಯಿಂದ ಅಲ್ಲಿಗೇ ಬಂದರು. ಎಲೆ ಅರೆದು ಕ್ಲೋರೊಪ್ಲಾಸ್ಟ್‌ಗಳನ್ನು (ಎಲೆಯ ಕೋಶದೊಳಗೆ ದ್ಯುತಿಸಂಶ್ಲೇಷಣೆ ನಡೆಯುವ ಹಸಿರು ಕಣಗಳು) ಬೇರ್ಪಡಿಸಿ, ಅವಕ್ಕೆ ಕಬ್ಬಿಣದ ಒಂದು ಲವಣ ಕೊಟ್ಟು ಬೆಳಕಿಗಿಟ್ಟರು. ಇಂಗಾಲದ ಡೈಆಕ್ಸೈಡ್ ಬಳಕೆಯಾಗಲೇ ಇಲ್ಲ. ಆದರೂ ಆಮ್ಲಜನಕ ಬಂತು! ನೀರಿನಿಂದ ಹೊರಟ ಎಲೆಕ್ಟ್ರಾನ್‌ಗಳು ಸಕ್ಕರೆಯ ಕಡೆ ಹೋಗುವ ಬದಲು ಕಬ್ಬಿಣಕ್ಕೆ ಹೋಗಿ ಸೇರಿದ್ದವು. ಇವತ್ತಿಗೂ ಕಾಲೇಜು ಪ್ರಯೋಗಾಲಯಗಳಲ್ಲಿ ಇದರದೇ ಒಂದು ರೂಪ ಮಾಡಿಸುತ್ತಾರೆ. ಕಬ್ಬಿಣದ ಬದಲು ಡಿಸಿಪಿಐಪಿ ಎಂಬ ನೀಲಿ ಬಣ್ಣ ಹಾಕುತ್ತಾರೆ. ಬೆಳಕಿಗಿಟ್ಟ ನಳಿಕೆಯಲ್ಲಿ ನೀಲಿ ನಿಧಾನಕ್ಕೆ ಕರಗಿ ಪತ್ರಹರಿತ್ತಿನ ಹಸಿರು ಮಾತ್ರ ಉಳಿಯುತ್ತದೆ. ಕಪ್ಪು ಕಾಗದ ಸುತ್ತಿದ ನಳಿಕೆಯಲ್ಲಿ ನೀಲಿ ಹಾಗೇ ಇರುತ್ತದೆ. ನೀರಿನ ಎಲೆಕ್ಟ್ರಾನ್ ಬಣ್ಣದೊಳಗೆ ಹೋಗುವುದನ್ನು ಬರಿಗಣ್ಣಿನಲ್ಲಿ ನೋಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. 1941ರಲ್ಲಿ ಸ್ಯಾಮ್ ರೂಬೆನ್, ಮಾರ್ಟಿನ್ ಕೇಮನ್ ಮತ್ತು ಜೊತೆಗಾರರು ಭಾರದ ಆಮ್ಲಜನಕ (ಮಾಮೂಲಿಗಿಂತ ಭಾರವಾದ ಆಮ್ಲಜನಕದ ಪರಮಾಣು) ಬೆರೆತ ನೀರನ್ನು ಪಾಚಿಗೆ ಕೊಟ್ಟರು. ಹೊರಬಂದ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಭಾರವಾಗಿತ್ತು. ವಾದ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು.

ಸರಿ, ನೀರಿನಿಂದ ಎಲೆಕ್ಟ್ರಾನ್ ಕೀಳಬೇಕು. ಇಲ್ಲೇ ಇರುವುದು ತೊಡಕು. ನೀರು ಅಂದರೆ ಜಲಜನಕ ಉರಿದು ಮುಗಿದ ಮೇಲೆ ಉಳಿದದ್ದು. ಅದರಲ್ಲಿ ಇನ್ನು ಉರಿಯಲು ಏನೂ ಇಲ್ಲ. ಎರಡು ನೀರಿನ ಅಣುಗಳಿಂದ ನಾಲ್ಕು ಎಲೆಕ್ಟ್ರಾನ್‌ಗಳನ್ನು ಒಟ್ಟಿಗೆ ಕಿತ್ತರೆ ತಲಾ ಸುಮಾರು 0.82 ವೋಲ್ಟ್ ಸಾಕು. ಆದರೆ ಒಂದೊಂದಾಗಿ ಕೀಳಲು ಹೋದರೆ ಮೊದಲನೆಯದಕ್ಕೇ 2 ವೋಲ್ಟ್‌ಗಿಂತ ಜಾಸ್ತಿ ಬೇಕು. ಎಲೆ ಬಳಸುವ ಕೆಂಪು ಬೆಳಕಿನ ಒಂದು ಫೋಟಾನಿನಲ್ಲಿ, ಅಂದರೆ ಬೆಳಕಿನ ಒಂದು ಕಣದಲ್ಲಿ, ಇರುವುದೇ 1.8 ಎಲೆಕ್ಟ್ರಾನ್ ವೋಲ್ಟ್. ಸಾಲುವುದಿಲ್ಲ. ಸಾಲದ್ದಕ್ಕೆ, ಒಂದು ಎಲೆಕ್ಟ್ರಾನ್ ಕಳೆದುಕೊಂಡ ನೀರು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗುತ್ತದೆ. ಅದು ಕೈಗೆ ಸಿಕ್ಕ ಪ್ರೋಟೀನು, ಕೊಬ್ಬು, ಡಿಎನ್‌ಎ ಎಲ್ಲವನ್ನೂ ಕಚ್ಚುತ್ತದೆ.

ಅಂದರೆ ನೀರಿಗೆ ನಾಲ್ಕು ಎಲೆಕ್ಟ್ರಾನ್‌ಗಳ ಲೆಕ್ಕ ಒಟ್ಟಿಗೆ ಚುಕ್ತಾ ಆಗಬೇಕು. ಬೆಳಕು ಬರುವುದು ಮಾತ್ರ ಒಂದೊಂದೇ ಫೋಟಾನ್ ಆಗಿ. ಒಂದು ಫೋಟಾನಿಗೆ ಒಂದೇ ಎಲೆಕ್ಟ್ರಾನ್. ಈ ಎರಡನ್ನೂ ಹೊಂದಿಸಬೇಕಾದರೆ ನಡುವೆ ಎಣಿಸುವವರೊಬ್ಬರು ಬೇಕು. ಆ ಎಣಿಸುವವರು ಇರುವುದು ಫೋಟೋಸಿಸ್ಟಮ್ ಎರಡು ಎಂಬ ದೊಡ್ಡ ಪ್ರೋಟೀನಿನೊಳಗೆ.

ಅದರೊಳಗೆ ಇಳಿಯೋಣ. ಸುತ್ತಲಿನ ನೂರಾರು ಪತ್ರಹರಿತ್ತುಗಳು ಹೀರಿದ ಶಕ್ತಿ ಕೈಯಿಂದ ಕೈಗೆ ದಾಟಿ ನಡುವಿನ ಪಿ680 ಎಂಬ ಪತ್ರಹರಿತ್ತುಗಳ ಗುಂಪಿಗೆ ಬರುತ್ತದೆ. ಅಲ್ಲಿಂದ ಕೆಲವೇ ಪಿಕೋಸೆಕೆಂಡಿನಲ್ಲಿ (ನ್ಯಾನೋಸೆಕೆಂಡಿನ ಸಾವಿರದಲ್ಲೊಂದು ಭಾಗ) ಎಲೆಕ್ಟ್ರಾನ್ ಪಕ್ಕದ ಫಿಯೋಫೈಟಿನ್‌ಗೆ ಜಿಗಿಯುತ್ತದೆ. ಇದು ಮೆಗ್ನೀಸಿಯಂ ಕಳೆದುಕೊಂಡ ಪತ್ರಹರಿತ್ತು, ಅಷ್ಟೇ. ಒಂದು ಪಿಕೋಸೆಕೆಂಡಿನಲ್ಲಿ ಬೆಳಕು ಹೋಗುವುದೇ 0.3 ಮಿಲಿಮೀಟರ್. ಅಷ್ಟು ಅವಸರ. ಅಲ್ಲಿಂದ ಇನ್ನೂರು ಮುನ್ನೂರು ಪಿಕೋಸೆಕೆಂಡಿನಲ್ಲಿ ಕ್ಯೂಎ ಎಂಬ ಕ್ವಿನೋನ್‌ಗೆ, ಅಂದರೆ ಎಲೆಕ್ಟ್ರಾನ್ ಹೊರುವ ಒಂದು ಅಣುವಿಗೆ. ಅಲ್ಲಿಂದ ಮುಂದಿನ ಕ್ವಿನೋನ್ ಆದ ಕ್ಯೂಬಿಗೆ ಹೋಗಲು ಮಾತ್ರ ನೂರಾರು ಮೈಕ್ರೋಸೆಕೆಂಡ್. ಮೊದಲ ಜಿಗಿತಕ್ಕೆ ಹೋಲಿಸಿದರೆ ಇದು ಕೋಟ್ಯಂತರ ಪಟ್ಟು ನಿಧಾನ.

ಮೊದಲಿನ ಆ ಅವಸರಕ್ಕೆ ಕಾರಣ ಇದೆ. ಎಲೆಕ್ಟ್ರಾನ್ ಫಿಯೋಫೈಟಿನ್ ಮೇಲಿರುವಾಗ ಅದರ ಹಿಂದೆ ಪಿ680ರಲ್ಲಿ ಒಂದು ಖಾಲಿ ಜಾಗ ಬಾಯಿ ತೆರೆದು ಕೂತಿರುತ್ತದೆ. ಅಲ್ಲಿಗೆ ವಾಪಸ್ ಬಿದ್ದರೆ ಶಕ್ತಿಯ ಲೆಕ್ಕದಲ್ಲಿ ಭಾರೀ ಇಳಿಜಾರು. ಇಳಿಜಾರು ಜಾಸ್ತಿಯಾದಷ್ಟೂ ಬೀಳುವುದು ಬೇಗ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ ಎಂದವರು ರುಡಾಲ್ಫ್ ಮಾರ್ಕಸ್.

1956ರಿಂದ ಅವರು ಕಟ್ಟುತ್ತಾ ಬಂದ ಸಿದ್ಧಾಂತದ ತಿರುಳು ಇಷ್ಟು. ಎಲೆಕ್ಟ್ರಾನ್ ತುಂಬ ಹಗುರ, ಕ್ಷಣದಲ್ಲಿ ಹಾರುತ್ತದೆ. ಸುತ್ತಲಿನ ಪರಮಾಣುಗಳು ಭಾರ, ಅವು ಅಲುಗಾಡಲು ಹೊತ್ತು ಬೇಕು. ಎಲೆಕ್ಟ್ರಾನ್ ಹಾರಬೇಕಾದರೆ ಆ ಕ್ಷಣದಲ್ಲಿ ಇತ್ತಲಿನ ಶಕ್ತಿಯೂ ಅತ್ತಲಿನ ಶಕ್ತಿಯೂ ಸಮ ಇರಬೇಕು. ಪರಮಾಣುಗಳು ಅಲುಗಾಡುತ್ತಾ ಅಂಥ ಒಂದು ಭಂಗಿಗೆ ಬಂದಾಗಲೇ ಹಾರಾಟ. ಇಳಿಜಾರು ಕಡಿಮೆ ಇದ್ದರೆ ಆ ಭಂಗಿ ಸಿಗುವುದು ಕಷ್ಟ. ಇಳಿಜಾರು ಹೆಚ್ಚಾಗುತ್ತಾ ಹೋದಂತೆ ಸುಲಭ. ಒಂದು ಹಂತ ದಾಟಿದ ಮೇಲೆ ಮತ್ತೆ ಕಷ್ಟ! ಅಂದರೆ ವಿಪರೀತ ಇಳಿಜಾರಿನಲ್ಲಿ ಎಲೆಕ್ಟ್ರಾನ್ ನಿಧಾನವಾಗುತ್ತದೆ. ಕಾಗದದ ಮೇಲೆ ಇದು ಸರಿಯಾಗಿಯೇ ಇತ್ತು. ಆದರೆ ಪ್ರಯೋಗದಲ್ಲಿ ಕಾಣಲಿಲ್ಲ. ಅನುಮಾನ ಸುಮಾರು ಇಪ್ಪತ್ತೈದು ವರ್ಷ ಹಾಗೇ ಉಳಿಯಿತು. 1984ರಲ್ಲಿ ಜಾನ್ ಮಿಲ್ಲರ್, ಗೆರ್ಹಾರ್ಡ್ ಕ್ಲಾಸ್ ತಂಡ ಉದ್ದೇಶಪೂರ್ವಕವಾಗಿ ಕಟ್ಟಿದ ಅಣುಗಳಲ್ಲಿ ಅದನ್ನು ತೋರಿಸಿತು. ಮಾರ್ಕಸ್‌ಗೆ 1992ರಲ್ಲಿ ನೊಬೆಲ್ ಬಂತು.

ಗಿಡಕ್ಕೆ ಇದು ಮೊದಲೇ ಗೊತ್ತಿತ್ತು ಅಂತ ಬರೆಯಲು ಕೈ ತುರಿಸುತ್ತದೆ. ಸುಮ್ನೆ ಬಿಡುತ್ತೇನೆ. ವಿಷಯ ಇಷ್ಟೇ: ಮುಂದಕ್ಕೆ ಹೋಗುವ ಜಿಗಿತದ ಇಳಿಜಾರು ಹದವಾಗಿದೆ, ಅದಕ್ಕೆ ವೇಗ. ಹಿಂದಕ್ಕೆ ಬೀಳುವ ದಾರಿ ವಿಪರೀತ ಕಡಿದು, ಅದಕ್ಕೆ ನಿಧಾನ. ಆ ನಿಧಾನದ ಸಂದಿಯಲ್ಲಿ ಎಲೆಕ್ಟ್ರಾನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿಬಿಟ್ಟಿರುತ್ತದೆ.

ಒಂದು ಹೆಜ್ಜೆ ಹೋದರೆ ದೂರವೂ ಸಹಾಯಕ್ಕೆ ಬರುತ್ತದೆ. ಈ ಜಿಗಿತಗಳಲ್ಲಿ ಎಲೆಕ್ಟ್ರಾನ್ ಗುಡ್ಡ ಹತ್ತಿ ಇಳಿಯುವುದಿಲ್ಲ, ಗುಡ್ಡದೊಳಗಿಂದ ತೂರಿ ಹೋಗುತ್ತದೆ. 1966ರಲ್ಲಿ ಡಾನ್ ಡಿವಾಲ್ಟ್ ಮತ್ತು ಬ್ರಿಟನ್ ಚಾನ್ಸ್ ಒಂದು ನೇರಳೆ ಬ್ಯಾಕ್ಟೀರಿಯಾವನ್ನು ತಣ್ಣಗೆ ಮಾಡುತ್ತಾ ಹೋದರು. ಮೊದಮೊದಲು ಎಲೆಕ್ಟ್ರಾನ್ ದಾಟುವ ವೇಗ ಇಳಿಯಿತು. ಸುಮಾರು ಮೈನಸ್ 170 ಡಿಗ್ರಿ ಆದ ಮೇಲೆ ಎಷ್ಟು ತಣ್ಣಗೆ ಮಾಡಿದರೂ ಇಳಿಯಲಿಲ್ಲ. ಹತ್ತಿ ಇಳಿಯುವುದಾಗಿದ್ದರೆ ಅಷ್ಟು ಚಳಿಯಲ್ಲಿ ನಿಂತೇ ಹೋಗಬೇಕಿತ್ತು. ಹೀಗೆ ತೂರುವುದಕ್ಕೆ ದೂರದ ಕಟ್ಟುನಿಟ್ಟು ಜಾಸ್ತಿ. ನಡುವಿನ ಅಂತರ 1.7 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಹೆಚ್ಚಾದರೆ ವೇಗ ಹತ್ತರಲ್ಲೊಂದು ಭಾಗಕ್ಕೆ ಕುಸಿಯುತ್ತದೆ. ಒಂದು ಪರಮಾಣುವಿನ ಅಗಲದಷ್ಟೂ ಇಲ್ಲ ಅನ್ನಬಹುದಾದ ಅಂತರ ಅದು. ಲೆಸ್ಲಿ ಡಟನ್ ತಂಡ ಇಂಥ ಅನೇಕ ಪ್ರೋಟೀನ್‌ಗಳನ್ನು ಅಳೆದು ನೋಡಿತು. ಕೆಲಸ ಮಾಡುವ ಜೋಡಿಗಳೆಲ್ಲ 14 ಆಂಗ್‌ಸ್ಟ್ರಾಮಿನೊಳಗೇ ಇದ್ದವು. ಮುಂದಿನ ಮೆಟ್ಟಿಲು ಹತ್ತಿರ, ಬಿಟ್ಟು ಬಂದ ಮೆಟ್ಟಿಲು ದೂರ. ಹೋದದ್ದು ಹೋದಂತೆ ಇರಲು ಇಷ್ಟು ಸಾಕು.

ಇದು ಪುಕ್ಕಟೆ ಬರುವುದಿಲ್ಲ. ಒಂದೊಂದು ಮೆಟ್ಟಿಲಿಗೂ ಸ್ವಲ್ಪ ಶಕ್ತಿ ಬಿಟ್ಟುಕೊಡಬೇಕು. 1.8 ಎಲೆಕ್ಟ್ರಾನ್ ವೋಲ್ಟಿನಿಂದ ಶುರುವಾದ ಲೆಕ್ಕದಲ್ಲಿ, ನೀರಿನಿಂದ ಹೊರಟ ಎಲೆಕ್ಟ್ರಾನ್ ಕ್ವಿನೋನ್‌ಗೆ ಸೇರುವ ಹೊತ್ತಿಗೆ ಅರ್ಧದಷ್ಟು ಖರ್ಚಾಗಿರುತ್ತದೆ. ‘ಎಲೆ ಎಷ್ಟೊಂದು ಪೋಲು ಮಾಡುತ್ತದೆ ನೋಡಿ’ ಎಂದು ಹೇಳುವವರಿದ್ದಾರೆ. ಪೋಲು ಅಲ್ಲ ಅದು. ಸಮಯಕ್ಕೆ ಕೊಟ್ಟ ಬೆಲೆ. ನ್ಯಾನೋಸೆಕೆಂಡಿನಲ್ಲಿ ಮುಗಿದುಹೋಗುವುದನ್ನು ಸೆಕೆಂಡುಗಟ್ಟಲೆ ಹಿಡಿದಿಡಬೇಕಾದರೆ ಏನಾದರೂ ಕೊಡಲೇಬೇಕು.

ಈಗ ಹಿಂದೆ ಉಳಿದ ಖಾಲಿ ಜಾಗದ ಕಥೆ. ಎಲೆಕ್ಟ್ರಾನ್ ಕಳೆದುಕೊಂಡ ಪಿ680ರ ಹಸಿವು ಸುಮಾರು 1.2 ವೋಲ್ಟಿಗೂ ಮೇಲೆ. ಜೀವಿಗಳ ಮೈಯಲ್ಲಿ ನಮಗೆ ತಿಳಿದಿರುವ ಅತ್ಯಂತ ಜೋರಾದ ಆಕ್ಸಿಡೀಕಾರಕ, ಅಂದರೆ ಎಲೆಕ್ಟ್ರಾನ್ ಕಸಿಯುವ ವಸ್ತು, ಇದೇ. ಇದನ್ನು ಹಾಗೇ ಬಿಟ್ಟರೆ ಪಕ್ಕದ ಪ್ರೋಟೀನನ್ನೇ ತಿನ್ನುತ್ತದೆ. ಆದ್ದರಿಂದ ಪಕ್ಕದಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲ ಹತ್ತಾರು ನ್ಯಾನೋಸೆಕೆಂಡಿನಿಂದ ಹಿಡಿದು ಮೈಕ್ರೋಸೆಕೆಂಡಿನ ಒಳಗೆ ಒಂದು ಎಲೆಕ್ಟ್ರಾನ್ ಕೊಟ್ಟು ಬಾಯಿ ಮುಚ್ಚಿಸುತ್ತದೆ. ಟೈರೋಸಿನ್ ತನ್ನ ನಷ್ಟವನ್ನು ಇನ್ನೂ ಆಚೆ ಇರುವ ಒಂದು ಲೋಹದ ಗೊಂಚಲಿನಿಂದ ತುಂಬಿಸಿಕೊಳ್ಳುತ್ತದೆ. ಎಣಿಸುವುದು ಈ ಗೊಂಚಲೇ. ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ, ಅವನ್ನು ಕೂಡಿಸುವ ಐದು ಆಮ್ಲಜನಕ. ಮುಗಿಯಿತು. ನಾವು ಉಸಿರಾಡುವ ಆಮ್ಲಜನಕವೆಲ್ಲ ಹೊರಬೀಳುವುದು ಈ ಹತ್ತು ಪರಮಾಣುಗಳ ಗೊಂಚಲಿನಿಂದ.

ಇದು ಎಣಿಸುತ್ತದೆ ಅಂತ ಗೊತ್ತಾಗಿದ್ದು, ಅದರ ರೂಪ ಯಾರಿಗೂ ಕಾಣದ ಕಾಲದಲ್ಲಿ. 1969ರಲ್ಲಿ ಪ್ಯಾರಿಸ್ಸಿನಲ್ಲಿ ಪಿಯರ್ ಜೋಲಿಯೋ ಮಾಡಿದ ಪ್ರಯೋಗ ನನಗೆ ಇಡೀ ವಿಷಯದಲ್ಲೇ ಅತಿ ಇಷ್ಟವಾದದ್ದು. ಪಾಚಿಯನ್ನೋ ಕ್ಲೋರೊಪ್ಲಾಸ್ಟನ್ನೋ ಸ್ವಲ್ಪ ಹೊತ್ತು ಕತ್ತಲಲ್ಲಿ ಇಡುವುದು. ಆಮೇಲೆ ಕ್ಷಣಮಾತ್ರದ ಮಿಂಚು ಕೊಡುವುದು. ಮಿಂಚು ಎಷ್ಟು ಚಿಕ್ಕದೆಂದರೆ ಒಂದು ಮಿಂಚಿಗೆ ಪ್ರತಿ ಪಿ680 ಒಂದೇ ಎಲೆಕ್ಟ್ರಾನ್ ಕಳಿಸಬಹುದು, ಎರಡನೆಯದಕ್ಕೆ ಸಮಯವಿಲ್ಲ. ಪ್ರತಿ ಮಿಂಚಿಗೂ ಎಷ್ಟು ಆಮ್ಲಜನಕ ಬಂತು ಎಂದು ಸೂಕ್ಷ್ಮ ವಿದ್ಯುದಗ್ರದಿಂದ ಅಳೆಯುವುದು.

ಮೊದಲ ಮಿಂಚು: ಏನೂ ಇಲ್ಲ. ಎರಡನೆಯದು: ಇಲ್ಲವೆನ್ನುವಷ್ಟು. ಮೂರನೆಯದು: ಒಮ್ಮೆಲೇ ದಂಡಿಯಾಗಿ. ನಾಲ್ಕನೆಯದು ಕಡಿಮೆ. ಆಮೇಲೆ ಏಳನೆಯದಕ್ಕೆ ಮತ್ತೆ ಏರಿಕೆ, ಹನ್ನೊಂದನೆಯದಕ್ಕೆ ಮತ್ತೆ. ನಾಲ್ಕರ ಲಯ ಸ್ಪಷ್ಟ. ನೀರಿಗೆ ನಾಲ್ಕು ಎಲೆಕ್ಟ್ರಾನ್ ಬೇಕು ಎನ್ನುವುದಕ್ಕೆ ಸರಿಯಾಗಿ ಕೂರುತ್ತದೆ. ಆದರೆ ಶುರು ಯಾಕೆ ಮೂರರಿಂದ?

ಇದಕ್ಕೆ ಉತ್ತರ ಕೊಟ್ಟವರು ಬೆಸೆಲ್ ಕಾಕ್, 1970ರಲ್ಲಿ. ಗೊಂಚಲಿಗೆ ಐದು ಸ್ಥಿತಿಗಳಿವೆ ಎಂದರು: ಎಸ್0ರಿಂದ ಎಸ್4ರವರೆಗೆ. ಒಂದು ಎಲೆಕ್ಟ್ರಾನ್ ಹೋದರೆ ಒಂದು ಹೆಜ್ಜೆ ಮುಂದೆ. ಎಸ್4 ತಲುಪಿದ ಕೂಡಲೇ ಆಮ್ಲಜನಕ ಬಿಟ್ಟು ಮತ್ತೆ ಎಸ್0. ನಾಲ್ಕು ಜನ ತುಂಬಿದ ಮೇಲಷ್ಟೇ ಹೊರಡುವ ಬಾಡಿಗೆ ಗಾಡಿಯ ಹಾಗೆ. ಕತ್ತಲಲ್ಲಿ ನಿಂತ ಗಾಡಿಯಲ್ಲಿ ಆಗಲೇ ಒಬ್ಬ ಕೂತಿರುತ್ತಾನೆ, ಅದಕ್ಕೇ ಮೂರು ಮಿಂಚು ಸಾಕು. ಅಂದರೆ ಕತ್ತಲಲ್ಲಿ ಗೊಂಚಲು ನೆಲೆಯಾಗುವುದು ಎಸ್0ರಲ್ಲಿ ಅಲ್ಲ, ಎಸ್1ರಲ್ಲಿ. ಎಸ್2, ಎಸ್3ರಲ್ಲಿ ಸಿಕ್ಕಿಕೊಂಡವು ಬೆಳಕು ಬರದೇ ಹೋದರೆ ಸೆಕೆಂಡು, ನಿಮಿಷಗಳಲ್ಲಿ ಎಸ್1ಕ್ಕೆ ಇಳಿಯುತ್ತವೆ. ಎಸ್0ರಲ್ಲಿ ಇದ್ದವನ್ನು ಇನ್ನೊಂದು ಟೈರೋಸಿನ್ ನಿಧಾನಕ್ಕೆ ಎಸ್1ಕ್ಕೆ ಏರಿಸುತ್ತದೆ. ಮಿಂಚುಗಳು ಹೆಚ್ಚಾದಂತೆ ಈ ಲಯ ಮಸುಕಾಗುತ್ತದೆ. ಸುಮಾರು ನೂರಕ್ಕೆ ಹತ್ತು ಸಲ ಮಿಂಚು ಬಿದ್ದರೂ ಹೆಜ್ಜೆ ಮುಂದೆ ಹೋಗುವುದಿಲ್ಲ. ಕೆಲವು ಎರಡು ಹೆಜ್ಜೆ ಹಾಕಿಬಿಡುತ್ತವೆ. ಸ್ವಲ್ಪ ಹೊತ್ತಿಗೆ ಎಲ್ಲವೂ ಕಲಸಿಹೋಗಿ ಪ್ರತಿ ಮಿಂಚಿಗೂ ಒಂದೇ ಪ್ರಮಾಣ ಬರುತ್ತದೆ. ಬಿಸಿಲಿನಲ್ಲಿ ನಿಂತ ಎಲೆಯಲ್ಲಿ ಲಯವೇ ಕಾಣದಿರುವುದು ಇದಕ್ಕೇ.

ಎಸ್2, ಎಸ್3 ಕತ್ತಲಲ್ಲಿ ಇಳಿಯುತ್ತವೆ ಎಂದೆನಲ್ಲ, ಆಗ ಏನಾಗುತ್ತದೆ ಗೊತ್ತಾ? ಅಷ್ಟೆಲ್ಲ ತಡೆದರೂ ಕೆಲವು ಎಲೆಕ್ಟ್ರಾನ್‌ಗಳು ಕ್ವಿನೋನ್‌ನಿಂದ ಮೆಟ್ಟಿಲು ಇಳಿದು ವಾಪಸ್ ಬಂದೇ ಬರುತ್ತವೆ. ಅವುಗಳಲ್ಲಿ ಒಂದಿಷ್ಟು ಪಿ680ನ್ನು ಮತ್ತೆ ಕೆರಳಿಸಿ ಬೆಳಕು ಬಿಡುತ್ತವೆ. 1951ರಲ್ಲಿ ಬರ್ನಾರ್ಡ್ ಸ್ಟ್ರೆಲರ್ ಮತ್ತು ವಿಲಿಯಂ ಅರ್ನಾಲ್ಡ್ ಹುಡುಕುತ್ತಿದ್ದದ್ದು ಬೇರೆಯದನ್ನು. ಕ್ಲೋರೊಪ್ಲಾಸ್ಟ್ ಬೆಳಕಿನಲ್ಲಿ ಎಟಿಪಿ (ಜೀವಕೋಶ ಶಕ್ತಿಗೆ ಬಳಸುವ ಅಣು) ಮಾಡುತ್ತದೆಯೇ ಎಂದು ನೋಡಲು ಮಿಂಚುಹುಳುವಿನ ಸಾರ ಬೆರೆಸಿ ಇಟ್ಟಿದ್ದರು. ಎಟಿಪಿ ಇದ್ದರೆ ಆ ಸಾರ ಹೊಳೆಯಬೇಕು. ಹೊಳೆಯಿತು. ಆದರೆ ಮಿಂಚುಹುಳುವಿನ ಸಾರ ಹಾಕದೇ ಇದ್ದ ಕ್ಲೋರೊಪ್ಲಾಸ್ಟೂ ಹೊಳೆಯಿತು! ಬೆಳಕು ಆರಿಸಿದ ಮೇಲೂ ಹಸಿರು ಎಲೆ ನಿಮಿಷಗಟ್ಟಲೆ ತೀರಾ ಮಂದವಾಗಿ ಕೆಂಪು ಬೆಳಕು ಬಿಡುತ್ತದೆ. ನಮ್ಮ ಕಣ್ಣಿಗೆ ಅದು ನಿಲುಕುವುದಿಲ್ಲ.

ಗೊಂಚಲಿನ ರೂಪ ಕಂಡದ್ದು ತೀರಾ ಈಚೆಗೆ. 2011ರಲ್ಲಿ ಜಪಾನಿನ ಜಿಯಾನ್-ರೆನ್ ಶೆನ್ ಮತ್ತು ನೊಬುವೊ ಕಮಿಯಾ ತಂಡ ಬಿಸಿನೀರಿನ ಬುಗ್ಗೆಯಲ್ಲಿ ಬದುಕುವ, ದ್ಯುತಿಸಂಶ್ಲೇಷಣೆ ಮಾಡುವ ಸಯನೋಬ್ಯಾಕ್ಟೀರಿಯಾದಿಂದ ಈ ಪ್ರೋಟೀನನ್ನು ತೆಗೆದು ಹರಳು ಮಾಡಿತು. 1.9 ಆಂಗ್‌ಸ್ಟ್ರಾಮ್ ಸೂಕ್ಷ್ಮತೆಯಲ್ಲಿ ಒಂದೊಂದು ಪರಮಾಣುವೂ ಬಿಡಿಬಿಡಿಯಾಗಿ ಕಂಡಿತು. ಸೊಟ್ಟಗಾದ ಒಂದು ಘನ, ಅದಕ್ಕೆ ಹೊರಗಿನಿಂದ ಅಂಟಿಕೊಂಡ ಒಂದು ಮ್ಯಾಂಗನೀಸ್. ಒಂದು ತೊಂದರೆ ಉಳಿದಿತ್ತು. ಎಕ್ಸ್‌ರೇ ಬಿದ್ದಾಗ ಅದೇ ಎಲೆಕ್ಟ್ರಾನ್‌ಗಳನ್ನು ಹಾರಿಸಿ ಮ್ಯಾಂಗನೀಸಿಗೆ ತಾಗಿಸುತ್ತದೆ. ನೋಡುವುದೇ ಅದನ್ನು ಕೆಡಿಸುತ್ತದೆ. 2015ರಲ್ಲಿ ಫೆಮ್ಟೋಸೆಕೆಂಡ್ (ಪಿಕೋಸೆಕೆಂಡಿನ ಸಾವಿರದಲ್ಲೊಂದು ಭಾಗ) ಎಕ್ಸ್‌ರೇ ಲೇಸರ್ ಬಳಸಿ, ಹರಳು ಕೆಡುವ ಮೊದಲೇ ಚಿತ್ರ ತೆಗೆದರು. ಅಲ್ಲೂ ಉಪಾಯ ಒಂದೇ. ಹಾಳಾಗುವುದಕ್ಕಿಂತ ಬೇಗ ಕೆಲಸ ಮುಗಿಸುವುದು.

ಕ್ವಿನೋನ್ ದಾಟಿದ ಮೇಲಿನ ದಾರಿಯನ್ನು ಬೇಗ ದಾಟುತ್ತೇನೆ, ಅದು ಎಲ್ಲ ಪುಸ್ತಕದಲ್ಲೂ ಇದೆ. ಪ್ಲಾಸ್ಟೋಕ್ವಿನೋನ್ ಎರಡು ಎಲೆಕ್ಟ್ರಾನ್ ಹೊತ್ತು ಸೈಟೋಕ್ರೋಮ್ ಬಿ6ಎಫ್ ಎಂಬ ಪ್ರೋಟೀನಿಗೆ ಕೊಡುತ್ತದೆ. ಅಲ್ಲಿಂದ ತಾಮ್ರ ಇರುವ ಪ್ಲಾಸ್ಟೋಸಯನಿನ್. ಆಮೇಲೆ ‘ಫೋಟೋಸಿಸ್ಟಮ್ ಒಂದು’ ಎಂಬ ಇನ್ನೊಂದು ದೊಡ್ಡ ಪ್ರೋಟೀನು. ಅಲ್ಲಿ ಇನ್ನೊಂದು ಫೋಟಾನ್, ಇನ್ನೊಂದು ಏರಿಕೆ. ಕಬ್ಬಿಣ-ಗಂಧಕದ ಗೊಂಚಲುಗಳು, ಫೆರೆಡಾಕ್ಸಿನ್, ಕೊನೆಗೆ ಸಕ್ಕರೆ ಕಟ್ಟಲು ಎಲೆಕ್ಟ್ರಾನ್ ಒಯ್ಯುವ ಎನ್‌ಎಡಿಪಿಎಚ್. ದಾರಿಯಲ್ಲಿ ಪೊರೆಯ ಒಳಗೆ ಪ್ರೋಟಾನ್‌ಗಳು ತುಂಬಿಕೊಂಡು ಎಟಿಪಿ ಆಗುತ್ತದೆ.

ಎರಡು ಫೋಟೋಸಿಸ್ಟಮ್ ಇವೆ ಎನ್ನುವುದರ ಹಿಂದೆ ಒಂದು ಜಗಳ ಇದೆ, ಅದನ್ನು ಬಿಡಲಾರೆ. ಒಂದು ಆಮ್ಲಜನಕ ಅಣುವಿಗೆ ಎಷ್ಟು ಫೋಟಾನ್ ಬೇಕು? ನೊಬೆಲ್ ಪಡೆದ ಒಟ್ಟೋ ವಾರ್‌ಬರ್ಗ್ ನಾಲ್ಕೇ ಸಾಕು ಎಂದರು. ಅವರದೇ ಶಿಷ್ಯ ರಾಬರ್ಟ್ ಎಮರ್ಸನ್ ಅಳೆದಾಗ ಕನಿಷ್ಠ ಎಂಟು ಬಂತು. ಗುರು ಒಪ್ಪಲಿಲ್ಲ. ಶಿಷ್ಯ ಬಿಡಲಿಲ್ಲ. ಈ ಅಳತೆಗಳ ನಡುವೆಯೇ ಎಮರ್ಸನ್‌ಗೆ ಒಂದು ವಿಚಿತ್ರ ಸಿಕ್ಕಿತು. ತೀರಾ ಉದ್ದ ಅಲೆಯ ಕೆಂಪು ಬೆಳಕು ಒಂದೇ ಇದ್ದರೆ ಕೆಲಸ ಕುಂಟುತ್ತದೆ. ಅದಕ್ಕೆ ಸ್ವಲ್ಪ ಗಿಡ್ಡ ಅಲೆಯ ಬೆಳಕು ಜೊತೆಯಾದರೆ, ಎರಡೂ ಬೇರೆ ಬೇರೆಯಾಗಿ ಕೊಟ್ಟದ್ದರ ಮೊತ್ತಕ್ಕಿಂತ ಜಾಸ್ತಿ ಆಮ್ಲಜನಕ ಬರುತ್ತದೆ. 1957ರಲ್ಲಿ ಪ್ರಕಟವಾದ ಈ ಸಂಗತಿಯೇ ಎರಡು ಬೆಳಕಿನ ಹಂತಗಳಿವೆ ಎಂಬುದಕ್ಕೆ ದಾರಿ ತೋರಿಸಿತು. 1959ರಲ್ಲಿ ಎಮರ್ಸನ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮರು ವರ್ಷವೇ ರಾಬಿನ್ ಹಿಲ್ ಮತ್ತು ಫೇ ಬೆಂಡಾಲ್ ಎರಡನ್ನೂ ಸಾಲಾಗಿ ಜೋಡಿಸಿದ ನಕ್ಷೆ ಕೊಟ್ಟರು. ನಾಲ್ಕು ಎಲೆಕ್ಟ್ರಾನ್, ತಲಾ ಎರಡು ಫೋಟಾನ್, ಒಟ್ಟು ಎಂಟು. ಲೆಕ್ಕ ಸರಿಹೋಯಿತು, ಆದರೆ ನೋಡಲು ಎಮರ್ಸನ್ ಇರಲಿಲ್ಲ.

ಮುಂದಿನ ದಾರಿ ಕಟ್ಟಿಕೊಂಡರೆ ಏನಾಗುತ್ತದೆ? ಇದನ್ನು ಕಳೆನಾಶಕ ಹೊಡೆಯುವವರು ದಿನಾ ನೋಡುತ್ತಾರೆ. ಡೈಯುರಾನ್, ಅಟ್ರಜಿನ್ ಇವೆರಡೂ ಹೋಗಿ ಕೂರುವುದು ಕ್ಯೂಬಿ ಕೂರಬೇಕಾದ ಗೂಡಿನಲ್ಲಿ. ಕ್ಯೂಎವರೆಗೆ ಬಂದ ಎಲೆಕ್ಟ್ರಾನಿಗೆ ಮುಂದೆ ಜಾಗವಿಲ್ಲ. ಆಗ ಎಲೆಯ ಕೆಂಪು ಹೊಳಪು ಹೆಚ್ಚುತ್ತದೆ. ಅರೆದ ರಸದ ದಾರಿಯನ್ನೇ ಜೀವಂತ ಎಲೆಯೂ ಹಿಡಿಯುತ್ತದೆ. ಗಿಡ ಸಾಯುವುದು ಹೊಟ್ಟೆಗಿಲ್ಲದೆ ಅಂತ ಅನೇಕರು ತಿಳಿದಿದ್ದಾರೆ. ಅದಕ್ಕಿಂತ ಬೇಗ ಸಾಯುತ್ತದೆ. ವಾಪಸ್ ಬೀಳುವ ಎಲೆಕ್ಟ್ರಾನ್ ಪತ್ರಹರಿತ್ತನ್ನು ತ್ರಿಕ (ಟ್ರಿಪ್ಲೆಟ್) ಎಂಬ, ಬೇಗ ತಣಿಯದ ಕೆರಳಿದ ಸ್ಥಿತಿಗೆ ತಳ್ಳುತ್ತದೆ. ಅದು ಪಕ್ಕದ ಆಮ್ಲಜನಕವನ್ನು ಕೆರಳಿಸುತ್ತದೆ. ಆ ಆಮ್ಲಜನಕ ಪೊರೆಯನ್ನು ಸುಡುತ್ತದೆ. ಹೊಡೆದ ಗಿಡವನ್ನು ಕತ್ತಲಲ್ಲಿ ಇಟ್ಟರೆ ಈ ಸುಡುವಿಕೆ ಇಲ್ಲ. ಬಿಸಿಲೇ ಅದನ್ನು ಕೊಲ್ಲುತ್ತದೆ.

ಆ ಗೂಡು ಇರುವ ಪ್ರೋಟೀನಿನ ಹೆಸರು ಡಿ1. ಅದರ 264ನೇ ಜಾಗದ ಸೆರಿನ್ ಬದಲಾಗಿ ಗ್ಲೈಸಿನ್ ಬಂದರೆ ಸಾಕು, ಅಟ್ರಜಿನ್ ಸರಿಯಾಗಿ ಕೂರುವುದಿಲ್ಲ. ಅಂಥ ಕಳೆಗಳು ಬದುಕಿಕೊಂಡವು. ಆದರೆ ಅವುಗಳಲ್ಲಿ ಕ್ಯೂಎಯಿಂದ ಕ್ಯೂಬಿಗೆ ಎಲೆಕ್ಟ್ರಾನ್ ಹೋಗುವುದೂ ನಿಧಾನವಾಯಿತು. ಔಷಧಿ ಹೊಡೆಯದ ಜಾಗದಲ್ಲಿ ಅವು ಸಾಮಾನ್ಯವಾಗಿ ಮಿಕ್ಕ ಕಳೆಗಳಿಗಿಂತ ಸೊರಗಿಯೇ ಬೆಳೆಯುತ್ತವೆ.

ಕಳೆನಾಶಕ ಬೇಡ, ನಡುಹಗಲ ಬಿಸಿಲೂ ಇದನ್ನೇ ಮಾಡುತ್ತದೆ, ಸ್ವಲ್ಪ ಕಡಿಮೆ ಪ್ರಮಾಣದಲ್ಲಿ. ಸೈಟೋಕ್ರೋಮ್ ಹತ್ತಿರದ ಹೆಜ್ಜೆಗೆ ಮಿಲಿಸೆಕೆಂಡುಗಳು ಬೇಕು. ಬಿಸಿಲಲ್ಲಿ ಫೋಟಾನ್‌ಗಳು ಅದಕ್ಕಿಂತ ಬೇಗ ಬೇಗ ಬರುತ್ತವೆ. ಎಲೆ ಹೆಚ್ಚಿನದನ್ನು ಶಾಖ ಮಾಡಿ ಚೆಲ್ಲುತ್ತದೆ, ಆದರೂ ಪೂರ್ತಿ ತಪ್ಪಿಸಲು ಆಗುವುದಿಲ್ಲ. ಪೆಟ್ಟು ಬೀಳುವುದು ಡಿ1ಗೆ. ಪ್ರಖರ ಬಿಸಿಲಲ್ಲಿ ಅರ್ಧ ಗಂಟೆಯ ಲೆಕ್ಕದಲ್ಲಿ ಹಳೆಯ ಡಿ1 ತೆಗೆದು ಹೊಸದು ಹಾಕಬೇಕಾಗುತ್ತದೆ. ಇಡೀ ಯಂತ್ರವನ್ನು ಎಸೆಯುವುದಿಲ್ಲ, ಹಾಳಾದ ಈ ಒಂದು ಭಾಗವನ್ನು ಮಾತ್ರ ಬಿಚ್ಚಿ ಬದಲಿಸುತ್ತದೆ. ಬದಲಿಸಿದ ಮೇಲೆ ಮ್ಯಾಂಗನೀಸ್ ಗೊಂಚಲನ್ನು ಮೊದಲಿನಿಂದ ಕಟ್ಟಬೇಕು. ಅದನ್ನು ಕಟ್ಟುವುದೂ ಬೆಳಕೇ. ಒಂದು ಮ್ಯಾಂಗನೀಸ್ ಬಂದು ಕೂರುತ್ತದೆ, ಬೆಳಕು ಅದರ ಎಲೆಕ್ಟ್ರಾನ್ ಕೀಳುತ್ತದೆ, ಆಮೇಲೆ ಬೆಳಕು ಬೇಡದ ಒಂದು ಸಣ್ಣ ವಿರಾಮ, ಮತ್ತೆ ಬೆಳಕು. ಹೀಗೆ ನೀರಿಗೆ ಕೈ ಹಾಕುವ ಮೊದಲು ಆ ಯಂತ್ರ ಮ್ಯಾಂಗನೀಸಿನ ಎಲೆಕ್ಟ್ರಾನ್‌ಗಳನ್ನು ಕಿತ್ತು ಅಭ್ಯಾಸ ಮಾಡಿಕೊಳ್ಳುತ್ತದೆ.

ಇದು ಬರೀ ಇವತ್ತಿನ ದುರಸ್ತಿಯ ವಿಷಯವಲ್ಲ ಎಂದು ಕೆಲವರು ವಾದಿಸುತ್ತಾರೆ. ಸುಮಾರು 240 ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಆಮ್ಲಜನಕ ಏರಿತು. ಅದಕ್ಕೂ ಮೊದಲು, ನೀರನ್ನು ಒಡೆಯುವುದನ್ನು ಕಲಿಯುವ ಮುಂಚೆ, ಸಯನೋಬ್ಯಾಕ್ಟೀರಿಯಾಗಳ ಪೂರ್ವಜರು ಸಮುದ್ರದ ಮ್ಯಾಂಗನೀಸಿನಿಂದಲೇ ಎಲೆಕ್ಟ್ರಾನ್ ತೆಗೆಯುತ್ತಿದ್ದಿರಬಹುದು ಎನ್ನುವುದು ಅವರ ಮಾತು. ನನಗೆ ಆ ಊಹೆ ಹಿಡಿಸುತ್ತದೆ. ಇವತ್ತಿನ ಗೊಂಚಲು ಕಟ್ಟುವ ಕ್ರಮ ಅದಕ್ಕೆ ಒಂದಿಷ್ಟು ಬಲ ಕೊಡುತ್ತದೆ. ಒಂದು ಮಾತಂತೂ ನಿಜ: ಪಾಚಿಯಿಂದ ಹೆಮ್ಮರದವರೆಗೆ ಎಲ್ಲರಲ್ಲೂ ಗೊಂಚಲು ಅದೇ. ಬೇರೆ ಲೋಹ ಬಳಸಿ ಈ ಕೆಲಸ ಮಾಡುವ ಇನ್ನೊಂದು ಜೀವಿ ಸಿಕ್ಕಿಲ್ಲ.

ನಾವು ಮಾಡಲು ಹೋದರೆ? ಆಮ್ಲೀಯ ದ್ರಾವಣದಲ್ಲಿ ವಿದ್ಯುತ್ತಿನಿಂದ ನೀರು ಒಡೆಯಲು ಇವತ್ತಿಗೂ ಇರಿಡಿಯಂ ಮೊರೆ ಹೋಗುತ್ತಾರೆ, ಚಿನ್ನಕ್ಕಿಂತಲೂ ಅಪರೂಪದ ಲೋಹ. 2008ರಲ್ಲಿ ಡೇನಿಯಲ್ ನೊಸೆರಾ ಮತ್ತು ಮ್ಯಾಥ್ಯೂ ಕನನ್ ಕೋಬಾಲ್ಟ್ ಮತ್ತು ಫಾಸ್ಫೇಟಿನಿಂದ ಒಂದು ವೇಗವರ್ಧಕ ಮಾಡಿದರು. ಅದು ಕರಗಿದರೂ ಮತ್ತೆ ತಾನೇ ವಿದ್ಯುದಗ್ರದ ಮೇಲೆ ಬಂದು ಕೂರುತ್ತಿತ್ತು. ‘ಕೃತಕ ಎಲೆ’ ಎಂದು ಬರುವ ತಲೆಬರಹಗಳು ನನಗೆ ಅಷ್ಟಾಗಿ ಸೇರುವುದಿಲ್ಲ. ಆದರೆ ಇದರಲ್ಲಿ ನಿಜಕ್ಕೂ ಎಲೆಯದು ಅನ್ನುವಂಥ ಗುಣ ಒಂದಿತ್ತು, ಕೆಟ್ಟದ್ದನ್ನು ಕೂತಲ್ಲೇ ಸರಿಮಾಡಿಕೊಳ್ಳುವುದು.

ಉಳಿದಿರುವುದು ಎಸ್4. ಮೊದಲ ನಾಲ್ಕು ಸ್ಥಿತಿಗಳನ್ನು ಹಿಡಿದು ನೋಡಿದ್ದಾರೆ. ಎಸ್4 ಕೈಗೆ ಸಿಕ್ಕಿಲ್ಲ. ಎಸ್3ರಿಂದ ಎಸ್0ಗೆ ಮರಳುವ ಒಂದೆರಡು ಮಿಲಿಸೆಕೆಂಡಿನ ಒಳಗೆ ಅದು ಹುಟ್ಟಿ, ಎರಡು ಆಮ್ಲಜನಕಗಳನ್ನು ಜೋಡಿಸಿ, ಹೋಗಿಬಿಟ್ಟಿರುತ್ತದೆ. ಜೋಡಿಸುವುದು ಹೇಗೆ ಎಂಬುದರ ಬಗ್ಗೆ ಎರಡು ಪಕ್ಷಗಳಿವೆ. ಗೊಂಚಲಿನ ಮೇಲೇ ಇರುವ ಎರಡು ಆಮ್ಲಜನಕಗಳು ಪರಸ್ಪರ ಸೇರುತ್ತವೆ ಎನ್ನುವುದು ಒಂದು. ಹೊರಗಿನ ನೀರಿನ ಅಣು ಬಂದು ಎರಗುತ್ತದೆ ಎನ್ನುವುದು ಇನ್ನೊಂದು. ನನ್ನ ಒಲವು ಮೊದಲಿನದರ ಕಡೆ. ಎಸ್2ರಿಂದ ಎಸ್3ಕ್ಕೆ ಹೋಗುವಾಗ ಗೊಂಚಲಿಗೆ ಆರನೇ ಆಮ್ಲಜನಕವೊಂದು ಬಂದು, ಸರಿಯಾಗಿ ಐದನೆಯದರ ಪಕ್ಕದಲ್ಲೇ ಕೂರುವುದು ಎಕ್ಸ್‌ರೇ ಚಿತ್ರಗಳಲ್ಲಿ ಕಂಡಿದೆ. 2023ರಲ್ಲಿ ಎರಡು ತಂಡಗಳು, ಒಂದು ಎಕ್ಸ್‌ರೇ ಲೇಸರಿನಿಂದ, ಇನ್ನೊಂದು ಅವಕೆಂಪು ಬೆಳಕಿನಿಂದ, ಈ ಕೊನೆಯ ಹೆಜ್ಜೆಯನ್ನು ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ ಹಿಂಬಾಲಿಸಿದವು. ಎಕ್ಸ್‌ರೇ ತಂಡ ಹರಳುಗಳಿಗೆ ಮೂರು ಮಿಂಚು ಕೊಟ್ಟು, ಮೂರನೆಯದಾದ ಮೇಲೆ ಬೇರೆ ಬೇರೆ ಕ್ಷಣಗಳಲ್ಲಿ ಚಿತ್ರ ತೆಗೆಯಿತು. ಒಂದು ಚಿತ್ರದಲ್ಲಿ ಆರನೇ ಆಮ್ಲಜನಕ ಇದೆ. ಮುಂದಿನವುಗಳಲ್ಲಿ ಅದು ಮಸುಕಾಗುತ್ತಾ ಹೋಗಿದೆ. ನಡುವಿನ ಆ ಸ್ವಲ್ಪ ಹೊತ್ತಿನ ಮೇಲೆಯೇ ಈಗ ಎರಡೂ ಪಕ್ಷಗಳ ವಾದ ನಡೆಯುತ್ತಿದೆ.